ಕೋಬುರ್ಗ್‌ನ ಮ್ಯಾನ್‌ಹೋಲ್ ಮುಚ್ಚಳ

14 ಜೂನ್ 2025, ಶನಿವಾರ

ಜರ್ಮನಿಯ ಕೋಬುರ್ಗ್‌ಗೆ ಹೋಗಿದ್ದು ಕೋಟೆ ನೋಡಲು. ನೋಡಿದ್ದು ಮಾತ್ರ ಹೆಚ್ಚಾಗಿ ನೆಲವನ್ನೇ. ಸ್ಟೇಷನ್ನಿಂದ ಪೇಟೆ ಕಡೆ ನಡೆಯುವಾಗ ಮ್ಯಾನ್‌ಹೋಲ್ ಮುಚ್ಚಳದ ಮೇಲೊಂದು ಮುಖ ಕಂಡಿತು. ದಪ್ಪ ತುಟಿ, ಕಿವಿಗೆ ಓಲೆ. ಎರಕದ ಕಬ್ಬಿಣದಲ್ಲಿ ಉಬ್ಬಿದ ಕೆನ್ನೆ ಬೂಟುಗಾಲಿಗೆ ಸವೆದು ನುಣುಪಾಗಿತ್ತು. ತುಳಿಯಲು ಮನಸ್ಸಾಗದೆ ದಾಟಿದೆ. ಮುಂದೆ ಇನ್ನೊಂದು, ಮತ್ತೊಂದು.

"ಏನೋ, ಕುಂಟೆಬಿಲ್ಲೆ ಆಡ್ತಿದ್ದೀಯಾ?" ಅಂದ ಗೆಳೆಯ.

ಊರಿನ ಲಾಂಛನವೇ ಅದು: ಹಳದಿ ಗುರಾಣಿಯ ಮೇಲೆ ಕಪ್ಪು ತಲೆ. ಊರು ಕಾಯುವ ಸಂತ ಮೌರಿಸ್‌ನದು. ಐತಿಹ್ಯದ ಪ್ರಕಾರ ಆತ ಈಜಿಪ್ಟಿನ ಥೀಬ್ಸ್ ಕಡೆಯ ರೋಮನ್ ದಂಡನಾಯಕ. ಚಕ್ರವರ್ತಿಯ ಆಜ್ಞೆಗೆ ಒಪ್ಪದೆ, 3ನೇ ಶತಮಾನದ ಕೊನೆಗೆ ಇಂದಿನ ಸ್ವಿಟ್ಜರ್ಲೆಂಡಿನಲ್ಲಿ ತಲೆ ಕೊಟ್ಟವನು. ಜರ್ಮನಿಯದೇ ಇನ್ನೊಂದು ಊರಾದ ಮಾಗ್ಡೆಬುರ್ಗ್‌ನ ಕೆಥೆಡ್ರಲ್‌ನಲ್ಲಿ ಅವನ 13ನೇ ಶತಮಾನದ ಕಲ್ಲಿನ ಪ್ರತಿಮೆಯಿದೆ. ಅಲ್ಲಿ ಓಲೆಯಿಲ್ಲ, ಉಬ್ಬಿದ ತುಟಿಯಿಲ್ಲ. ಉಕ್ಕಿನ ಬಳೆಗಳ ಕವಚ ತೊಟ್ಟ ಗಂಭೀರ ಆಫ್ರಿಕನ್ ಯೋಧ. ಅದೇ ಮನುಷ್ಯ ಲಾಂಛನಕ್ಕೆ ಬರುವಷ್ಟರಲ್ಲಿ ಹೀಗಾಗಿದ್ದಾನೆ.

1929ರಲ್ಲಿ ನಗರಸಭೆಯ ಬಹುಮತವನ್ನು ನಾಜಿಗಳಿಗೆ ಕೊಟ್ಟ ಜರ್ಮನಿಯ ಮೊದಲ ಊರಿದು. ಕಪ್ಪು ಮುಖ ಅವರಿಗೆ ಹಿಡಿಸೀತೇ? 1934ರಲ್ಲಿ ಅದನ್ನು ಕಿತ್ತುಹಾಕಿ ಕತ್ತಿ ಇಟ್ಟರು, ಹಿಡಿಯ ತುದಿಗೆ ತಮ್ಮ ಸ್ವಸ್ತಿಕ. 1945ರಲ್ಲಿ ಅವರು ಬಿದ್ದರು, ಮೌರಿಸ್ ಮರಳಿದ.

2020ರಲ್ಲಿ ಈ ಮುಖ ಜನಾಂಗದ ಅವಹೇಳನ, ತೆಗೆಯಿರಿ ಅಂತ ಅರ್ಜಿ ಹೋಯಿತು. ಬೇಡ, ಇರಲಿ ಅಂತ ಇನ್ನೊಂದು. ನಾಜಿಗಳು ತೆಗೆದದ್ದನ್ನು ನಾವೂ ತೆಗೆಯುವುದೇ ಅನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆ ತುಟಿ, ಆ ಓಲೆ ನೋಡಿದರೆ ಮುಜುಗರವೇ. ಸಂತನನ್ನು ಇಟ್ಟುಕೊಂಡು ಮಾಗ್ಡೆಬುರ್ಗ್‌ನ ಮುಖ ತರಬಾರದೇ? ನನ್ನನ್ನು ಕೇಳುವವರ್ಯಾರು, ಬಿಡಿ.

ಮಾರ್ಕೆಟ್ ಚೌಕದಲ್ಲಿ ಪೈನ್ ಕಾಯಿಗಳ ಬೆಂಕಿಯ ಮೇಲೆ ಸಾಸೇಜ್ ಸುಡುತ್ತಿದ್ದರು. ಹೊಗೆಗೆ ಕಣ್ಣುರಿ. ಪುರಭವನದ ನೆತ್ತಿಯ ಮೇಲೂ ಮೌರಿಸ್ ನಿಂತಿದ್ದಾನೆ, ಕೈಯಲ್ಲಿ ದಂಡ ಹಿಡಿದು. ಸಾಸೇಜಿನ ಅಳತೆಗೋಲು ಅದೇ ಅನ್ನುವುದು ಊರಿನವರ ಮಾತು: 31 ಸೆಂ.ಮೀ.

ಗೆಳೆಯ ಬ್ರೆಡ್ಡಿನಾಚೆ ಚಾಚಿದ ಸಾಸೇಜನ್ನು ನೋಡಿದ, ತಲೆಯೆತ್ತಿ ದಂಡ ನೋಡಿದ. "ಕಮ್ಮಿ ಇದೆ ಕಣೋ."

"ಹಸಿಯದರ ಲೆಕ್ಕ ಅದು. ಸುಟ್ಟರೆ ಕುಗ್ಗಲ್ವಾ?" ಅಂದು ನಾನು ಚಿತ್ರಾನ್ನದ ಡಬ್ಬಿ ತೆಗೆದೆ.