ಆರನೇ ಸುತ್ತಲ್ಲಿ ಏನು ಬರುತ್ತೆ?

ನವೆಂಬರ್ 9, 2025, ಭಾನುವಾರ

ಪುಟ್ಟಿ ಮಧ್ಯಾಹ್ನ ಕೇಳಿದ ಪ್ರಶ್ನೆ ಇನ್ನೂ ತಲೆ ತಿನ್ನುತ್ತಿದೆ.

ಹಳೇ ಡಿಸ್ಕ್‌ಗಳು ಕೆಡುವ ಮುಂಚೆ ಅವನ್ನು ಕಂಪ್ಯೂಟರ್ ಫೈಲಿಗೆ ಇಳಿಸಿಡುತ್ತಾ ಇದ್ದೇನೆ. ಐದೂಕಾಲು ಇಂಚಿನ ಫ್ಲಾಪಿಗಳ ಡಬ್ಬದಲ್ಲಿ ಒಂದು ಹಳೇ ಕಂಪ್ಯೂಟರ್ ಆಟದ ಒರಿಜಿನಲ್ ಡಿಸ್ಕ್ ಇತ್ತು, ಇವತ್ತು ಅದರ ಸರದಿ. ಮೊದಲು ಡಿಸ್ಕನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ ದೀಪದ ಬೆಳಕಲ್ಲಿ ನೋಡಿದೆ. ಬೂಷ್ಟು ಇರಲಿಲ್ಲ, ಪುಣ್ಯ. ಬೂಷ್ಟು ಹಿಡಿದದ್ದನ್ನು ಹಾಗೇ ಹಾಕಿದರೆ ಡ್ರೈವ್‌ನ ಓದುವ ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಈ ಡಿಸ್ಕ್ ಅಷ್ಟೇ ಅಲ್ಲ, ಮುಂದಿನದ್ದೂ ಗೀರಿ ಹೋಗುತ್ತದೆ.

ಎರಡು ಬದಿ, ಬದಿಗೆ 40 ಟ್ರ್ಯಾಕ್, ಅಂದರೆ ಡೇಟಾ ಬರೆಯುವ ದುಂಡು ಪಟ್ಟಿ. ಫ್ಲಾಪಿ ಡ್ರೈವನ್ನು ಕಂಪ್ಯೂಟರ್‌ಗೆ ಜೋಡಿಸುವ ಗ್ರೀಸ್‌ವೀಸಲ್ ಬೋರ್ಡ್ ಡಿಸ್ಕಿನೊಳಗಿನ ಫೈಲುಗಳ ತಂಟೆಗೇ ಹೋಗುವುದಿಲ್ಲ. ಡಿಸ್ಕ್ ತಿರುಗುವಾಗ ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಯಿತು, ನಡುವೆ ಎಷ್ಟು ಹೊತ್ತಾಯಿತು ಅನ್ನುವುದನ್ನಷ್ಟೇ ಬರೆದುಕೊಳ್ಳುತ್ತದೆ. ಪ್ರತಿ ಟ್ರ್ಯಾಕ್‌ಗೆ ಐದು ಸುತ್ತು ಓದು ಅಂದಿದ್ದೆ. ಎಲ್ಲ ಸರಿಯಾಗೇ ಬಂತು, ಒಂದು ಸೆಕ್ಟರ್ (ಟ್ರ್ಯಾಕಿನ ಒಂದು ತುಂಡು) ಬಿಟ್ಟು. ಅಲ್ಲಿ ಐದು ಸುತ್ತಿಗೂ ಬೇರೆ ಬೇರೆ ಡೇಟಾ.

‘ಹಾಳಾಗಿದೆ ಅಲ್ವಾ ಅಪ್ಪಾ?’

‘ಇಲ್ಲ ಕಣೇ. ಬೇಕಂತಲೇ ಹಾಗೆ ಮಾಡಿರೋದು.’

ಆ ಜಾಗದಲ್ಲಿ ಕಾಂತದ ಗುರುತು ಸ್ಪಷ್ಟವಾಗಿ ಇರುವುದೇ ಇಲ್ಲ. ಸಿಗ್ನಲ್ ಸಿಗದೆ ಡ್ರೈವ್ ತನ್ನ ಆಂಪ್ಲಿಫೈಯರ್ ಏರಿಸುತ್ತಾ ಹೋಗುತ್ತದೆ, ಕೊನೆಗೆ ಬರೀ ಗದ್ದಲವನ್ನೇ ಡೇಟಾ ಅಂದುಕೊಂಡು ಓದುತ್ತದೆ. ಆಟ ಶುರುವಾಗುವ ಮುಂಚೆ ಪ್ರೋಗ್ರಾಂ ಅದೇ ಸೆಕ್ಟರನ್ನು ಮತ್ತೆ ಮತ್ತೆ ಓದುತ್ತದೆ. ಪ್ರತಿ ಸಲ ಒಂದೇ ಉತ್ತರ ಬಂತೋ, ಇದು ಕಾಪಿ ಅಂತ ಆಟ ಅಲ್ಲೇ ನಿಲ್ಲುತ್ತದೆ. ಮಾಮೂಲಿ ಡ್ರೈವ್‌ನಲ್ಲಿ ಕಾಪಿ ಮಾಡಿದರೆ ಆ ಗದ್ದಲ ಗಟ್ಟಿ ಡೇಟಾ ಆಗಿಬಿಡುತ್ತದೆಯಲ್ಲ, ಅದೇ ಉಪಾಯ.

ಪುಟ್ಟಿ ನಕ್ಕಳು. ‘ಅಂದ್ರೆ ಮಾತು ಬದಲಾಯಿಸೋದು ಅಸಲಿ, ಒಂದೇ ಮಾತು ಆಡೋದು ನಕಲಿ!’

ಆಮೇಲೆ ಸುಮ್ನೆ ಕೇಳಿದಳು: ‘ನಿನ್ನ ಫೈಲಲ್ಲಿ ಐದು ಸುತ್ತು ಇದೆ. ಆರನೇ ಸುತ್ತಲ್ಲಿ ಏನು ಬರುತ್ತೆ?’

ಹಳೇ ಕಂಪ್ಯೂಟರಿನಂತೆ ನಟಿಸುವ ಎಮ್ಯುಲೇಟರ್ ಪ್ರೋಗ್ರಾಂ ಆ ಐದನ್ನೇ ತಿರುಗಿಸಿ ಮುರುಗಿಸಿ ಕೊಡಬಹುದು, ಇಲ್ಲಾ ತಾನೇ ಏನೋ ಒಂದು ಹುಟ್ಟಿಸಬಹುದು. ಆಟಕ್ಕೆ ಅಷ್ಟು ಸಾಕು, ಓಡುತ್ತದೆ. ಆದರೆ ಡಿಸ್ಕ್ ಉಳಿಸಿದೆ ಅನ್ನುತ್ತಾ ಇದ್ದೇನಲ್ಲ ನಾನು?

ಇನ್ನೊಂದು ತಮಾಷೆ. ಆ ಕಾಲದ ಎಷ್ಟೋ ಆಟಗಳು ಇವತ್ತು ಸುಲಭವಾಗಿ ಸಿಗುವುದು ಕಾಪಿ ತಡೆಯುವ ಇಂಥ ಬೀಗ ಒಡೆದವರ ಪ್ರತಿಗಳಲ್ಲೇ. ಬೀಗ ಹಾಕಿದವರಿಗಿಂತ ಒಡೆದವರೇ ಜಾಸ್ತಿ ಉಳಿಸಿಕೊಟ್ಟರು ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಜೊತೆಗೆ ತಮ್ಮ ಹೆಸರು ಮೆರೆಸುವ ಸ್ಕ್ರೀನ್ ಬೇರೆ ಸೇರಿಸಿದರು, ಜಾಗ ಸಾಲದೇ ಹೋದಾಗ ಆಟದ ತುಂಡುಗಳನ್ನೇ ಕಿತ್ತೂ ಹಾಕಿದರು. ಹಾಗಾಗಿ ಒರಿಜಿನಲ್ ಬೇಕೇ ಬೇಕು.

ಸಂಜೆ ಹಳೇ 386 ಕಂಪ್ಯೂಟರಿನ ಮದರ್‌ಬೋರ್ಡ್ ಬಿಚ್ಚಿದೆ. ಮೂಡೇ ಹೋಯಿತು. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಕೀಬೋರ್ಡ್ ಸಾಕೆಟ್‌ವರೆಗೂ ಹಸಿರು ಹಬ್ಬಿದೆ. ಬ್ಯಾಟರಿ ಕತ್ತರಿಸಿ ತೆಗೆದೆ, ಬ್ರಷ್‌ನಲ್ಲಿ ವಿನಿಗರ್ ಹಚ್ಚಿ ತೊಳೆದೆ. ಕೆಳಗಿನ ತಾಮ್ರದ ಗೆರೆಗಳು ಎಷ್ಟು ಉಳಿದಿವೆಯೋ ಮೀಟರ್ ಇಟ್ಟು ನೋಡಬೇಕು. ಇವತ್ತು ಧೈರ್ಯ ಇಲ್ಲ.

ನಾಳೆ ಅದೇ ಡಿಸ್ಕನ್ನು ಇನ್ನೊಂದು ಡ್ರೈವ್‌ಗೆ ಹಾಕಿ ಓದಿಸುತ್ತೇನೆ. ಗದ್ದಲ ಹುಟ್ಟುವುದು ಡ್ರೈವ್‌ನಲ್ಲಿ ಅಂದಮೇಲೆ ಅದರಲ್ಲಿ ಬೇರೆ ಥರವೇ ಬರಬೇಕು, ಅಲ್ವಾ? ಹಾಗಾದರೆ ಫೈಲಿನ ಜೊತೆ ಯಾವ ಡ್ರೈವ್ ಅಂತಲೂ ಬರೆದಿಡಬೇಕಾಗುತ್ತದೆ. ಆಮೇಲೆ ಆ ಡ್ರೈವೂ ಕೆಟ್ಟುಹೋದರೆ…?