ಮಂಜು ಹೋಯಿತು, ಡೊಂಕು ಉಳಿಯಿತು

14 ಮಾರ್ಚ್ 2024, ಗುರುವಾರ

ಬೆಳಿಗ್ಗೆ ಬಲಗಣ್ಣಿನ ಪಟ್ಟಿ ಬಿಚ್ಚಿದರು. ನಿನ್ನೆ ಪೊರೆ ತೆಗೆದು ಹೊಸ ಲೆನ್ಸ್ ಕೂರಿಸಿಕೊಂಡ ಈ ಕಣ್ಣು ಒಂದೂವರೆ ವರ್ಷದ ಹಿಂದೆ ರೆಟಿನಾ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ) ಕಳಚಿ ಶಸ್ತ್ರಚಿಕಿತ್ಸೆಗೆ ಒಳಗಾದದ್ದು. ಆಗ ಒಳಗಿನ ಲೋಳೆಯನ್ನು ತೆಗೆದು ಅನಿಲ ತುಂಬಿದ್ದರು. ದಿನಗಟ್ಟಲೆ ಬೋರಲು ಮಲಗಿ, ರಸಮಟ್ಟದ ಗುಳ್ಳೆಯನ್ನು ನೋಡುವ ಗಾರೆಯವನಂತೆ, ಕಣ್ಣೊಳಗಿನ ಗುಳ್ಳೆ ಕುಗ್ಗುವುದನ್ನು ಕಾಯುತ್ತಿದ್ದೆ. ಐವತ್ತು ದಾಟಿದವರಲ್ಲಿ ಹೀಗೆ ಲೋಳೆ ತೆಗೆಯುವ ವಿಟ್ರೆಕ್ಟಮಿಯಾದ ಎರಡು ವರ್ಷಗಳೊಳಗೆ ಬಹುತೇಕರಿಗೆ ಪೊರೆ ಬರುತ್ತದೆಂದು ವೈದ್ಯರು ಆಗಲೇ ತಿಳಿಸಿದ್ದರಿಂದ, ಈಗ ದೂರಲು ನನಗೆ ಕಾರಣವಿರಲಿಲ್ಲ.

ಅಂದು ಗುಡ್ಡೆಯ ಸುತ್ತ ಬಿಗಿದ ಸಿಲಿಕೋನ್ ಪಟ್ಟಿಯಿಂದ ಕಣ್ಣು ತುಸು ಉದ್ದವಾಗಿತ್ತು. ಕಣ್ಣಿನ ಉದ್ದದ ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಲೆನ್ಸಿನ ಪವರ್ ಸುಮಾರು 2.5 ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ತಪ್ಪುತ್ತದೆಯಾದ್ದರಿಂದ ಎಲ್ಲವನ್ನೂ ಹೊಸದಾಗಿ ಅಳೆದರು. ದೂರಕ್ಕೂ ಹತ್ತಿರಕ್ಕೂ ಆಗುವ ಮಲ್ಟಿಫೋಕಲ್ ಲೆನ್ಸ್ ಕೇಳಿದೆ. ಪೆಟ್ಟು ತಿಂದ ರೆಟಿನಾಕ್ಕೆ ಅದು ತಕ್ಕದ್ದಲ್ಲವೆಂದರು. ಆಸೆ ಬಿಟ್ಟೆ.

ನಿನ್ನೆಯದನ್ನು ಮಾತ್ರ ವಿವರವಾಗಿ ಬರೆದಿಡಬೇಕು. ಹನಿ ಹಾಕಿ ಮರಗಟ್ಟಿಸಿದ್ದ ಕಣ್ಣಿಗೆ ಮೂರು ಬೆಳಕಿನ ಚುಕ್ಕೆಗಳಷ್ಟೇ ಕಾಣುತ್ತಿದ್ದವು. ಕಣ್ಣಿನೊಳಗೆ ನೀರು ಹರಿಸಿದ ಕೂಡಲೇ ಎಲ್ಲವೂ ಹಿಂದಕ್ಕೆ ಜಗ್ಗಿದಂತಾಗಿ, ಗುಡ್ಡೆಯ ಆಳದಲ್ಲಿ ಒಂದು ನೋವು ಎದ್ದಿತು. ಹಿಂದಿನಿಂದ ಆತುಕೊಳ್ಳಲು ಲೋಳೆಯಿಲ್ಲದ ಕಣ್ಣಿನಲ್ಲಿ ನೀರಿನ ಒತ್ತಡಕ್ಕೆ ಲೆನ್ಸ್ ಹೀಗೆ ಹಿಂದಕ್ಕೆ ಕುಸಿಯುವುದುಂಟೆಂದು ಮುಂಚೆಯೇ ಹೇಳಿದ್ದರು. "ನೋವಾದರೆ ಹೇಳಿ, ತಲೆ ಮಾತ್ರ ಅಲುಗಿಸಬೇಡಿ" ಎಂದದ್ದು ನೆನಪಿದ್ದುದರಿಂದ "ಹೂಂ" ಎಂದೆನಷ್ಟೇ. "ನೀರಿನ ಬಾಟಲಿ ಕೆಳಗಿಳಿಸಿ" ಎಂದರು ವೈದ್ಯರು, ನೋವು ಇಳಿಯಿತು.

ಈಗ ಬಲಗಣ್ಣಿಗೆ ಗೋಡೆ ಬೆಳ್ಳಗೆ, ಎಡಗಣ್ಣಿಗೆ ಅದೇ ಗೋಡೆ ಹಳೆಯ ಕಾಗದದ ಬಣ್ಣ. ಆದರೆ ಬಾಗಿಲ ಚೌಕಟ್ಟಿನ ನೇರ ಅಂಚು ನಡುವೆ ಇಂದಿಗೂ ಸ್ವಲ್ಪ ಒಳಕ್ಕೆ ತಗ್ಗಿದೆ; ಪೊರೆಯ ಮಂಜಿನಲ್ಲಿ ಮರೆಯಾಗಿದ್ದ ಆ ಡೊಂಕು ಈಗ ಹಿಂದಿಗಿಂತ ಸ್ಪಷ್ಟ. ಅದು ಕಳಚಿ ಮತ್ತೆ ಅಂಟಿದ ರೆಟಿನಾದ ದೋಷವೇ ಹೊರತು ಲೆನ್ಸಿನದಲ್ಲವೆಂದು ಗೊತ್ತಿದ್ದರೂ, ಅರ್ಧ ಗಂಟೆ ಬಾಗಿಲನ್ನೇ ನೋಡುತ್ತಾ ಕುಳಿತೆ.

ಮಿಂಚು, ಹೊಸ ಕಪ್ಪು ಚುಕ್ಕೆ, ಪರದೆ ಎಳೆದಂತಹ ನೆರಳು ಕಂಡರೆ ತಡಮಾಡದೆ ಬರಬೇಕೆಂಬ ಎಚ್ಚರಿಕೆ ಈ ಸಲವೂ ಸಿಕ್ಕಿದೆ. ಒಂದು ಹನಿ ಔಷಧ ಹಾಕಿಯಾಯಿತು. 5 ನಿಮಿಷ ಬಿಟ್ಟು ಇನ್ನೊಂದು.