ಕ್ರಾಪ್ ಸೆನ್ಸರ್ ಮಿರರ್‌ಲೆಸ್: ಲೆನ್ಸ್ ಸಾಲದಾಗುವುದು ಅಗಲದ ಕಡೆ

ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್, ಅಂದರೆ 35 ಎಂಎಂ ಫಿಲ್ಮ್ ಅಳತೆಯ ಸೆನ್ಸರಿಗಿಂತ ಚಿಕ್ಕದು) ಕ್ಯಾಮೆರಾಗೆ ಲೆನ್ಸ್ ಇಲ್ಲ ಎಂಬ ದೂರಿನಲ್ಲಿ ಅರ್ಧ ಮಾತ್ರ ಸತ್ಯ. ಟೆಲಿಫೋಟೋ (ದೂರದ್ದನ್ನು ಹತ್ತಿರ ತೋರುವ ಲೆನ್ಸ್) ಕಡೆ ಕೊರತೆಯೇ ಇಲ್ಲ. ಫುಲ್ ಫ್ರೇಮ್ ಲೆನ್ಸ್‌ಗಳು ಅಲ್ಲಿ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಕ್ಯಾನನ್‌ನ ಆರ್‌ಎಫ್ 100-400 ಲೆನ್ಸನ್ನು ಕ್ರಾಪ್ ಸೆನ್ಸರಿನ ಆರ್7 ಕ್ಯಾಮೆರಾಗೆ ಹಾಕಿದರೆ, ಚಿಕ್ಕ ಸೆನ್ಸರ್ ನಡುವಿನ ಭಾಗವನ್ನಷ್ಟೇ ಹಿಡಿಯುವುದರಿಂದ, 1.6 ಪಟ್ಟು ಲೆಕ್ಕದಲ್ಲಿ 160-640 ಮಿ.ಮೀ. ನೋಟ ಸಿಗುತ್ತದೆ, ತೂಕ ಮಾತ್ರ 635 ಗ್ರಾಂ. ಹಕ್ಕಿ ತೆಗೆಯುವವರಿಗೆ ಇದು ನಿಜಕ್ಕೂ ಖುಷಿಯ ಸಂಗತಿ.

ಪೆಟ್ಟು ಬೀಳುವುದು ಅಗಲದ ತುದಿಯಲ್ಲಿ. 24-105 ಲೆನ್ಸ್ ಫುಲ್ ಫ್ರೇಮ್‌ನಲ್ಲಿ ಎಲ್ಲದಕ್ಕೂ ಸಾಕು. ಅದೇ ಲೆನ್ಸ್ ಕ್ರಾಪ್ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) 38 ಮಿ.ಮೀ. ನೋಟದಿಂದ ಶುರುವಾಗುತ್ತದೆ; ಮಿ.ಮೀ. ಹೆಚ್ಚಾದಷ್ಟೂ ನೋಟ ಕಿರಿದು. ಕೋಣೆಯೊಳಗೆ ಗೋಡೆಗೆ ಬೆನ್ನು ತಾಗಿಸಿ ನಿಂತರೂ ಎಲ್ಲರೂ ಫ್ರೇಮಿಗೆ ಬರುವುದಿಲ್ಲ. ಅಗಲಕ್ಕೆಂದೇ ಕೊಳ್ಳುವ 16 ಮಿ.ಮೀ. ಕೂಡ ಇಲ್ಲಿ 25.6 ಅಷ್ಟೇ. ಹಾಗಾಗಿ ಈ ಕಡೆಗೆ ಕ್ರಾಪ್ ಸೆನ್ಸರಿಗೆಂದೇ ಮಾಡಿದ ಲೆನ್ಸ್ ಬೇಕೇ ಬೇಕು.

ಕಂಪನಿಗಳು ನಿಧಾನ ಮಾಡಿದ್ದೂ ಇಲ್ಲೇ. ನಿಕಾನ್ ಝಡ್50 2019ರಲ್ಲಿ ಬಂದಾಗ ಅದಕ್ಕೆಂದೇ ಇದ್ದದ್ದು 16-50 ಮತ್ತು 50-250, ಎರಡೇ ಝೂಮ್. ಝಡ್ ಸಾಲಿನ ಮೊದಲ ಡಿಎಕ್ಸ್ (ನಿಕಾನ್‌ನ ಕ್ರಾಪ್ ಸೆನ್ಸರಿಗೆಂದೇ ಮಾಡಿದ) ಪ್ರೈಮ್, ಅಂದರೆ ಝೂಮ್ ಇಲ್ಲದ ಲೆನ್ಸ್, 24 ಮಿ.ಮೀ. ಎಫ್/1.7, ಬಂದದ್ದು 2023ರಲ್ಲಿ. ಕ್ಯಾನನ್ 2022ರಲ್ಲಿ ಆರ್7, ಆರ್10 ತಂದಿತು. ಅವಕ್ಕೆಂದೇ ಮಾಡಿದ ಅಗಲದ ಲೆನ್ಸ್ ಆರ್‌ಎಫ್-ಎಸ್ 10-18ಕ್ಕೆ 2023ರ ತನಕ ಕಾಯಬೇಕಾಯಿತು. ಬೇರೆ ಲೆನ್ಸ್ ಕಂಪನಿಗಳಾದ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಕ್ಯಾನನ್ ಬಾಗಿಲು ತೆರೆದದ್ದು 2024ರಲ್ಲಿ. ಫ್ಯೂಜಿಫಿಲ್ಮ್ ಎಕ್ಸ್ ಬಳಸುವವರಿಗೆ ಈ ಗೋಳಿಲ್ಲ, 2012ರಿಂದಲೂ ಅದರ ಸಾಲು ಈ ಅಳತೆಯ ಸೆನ್ಸರಿಗೇ ಬೆಳೆದದ್ದು. ಸೋನಿಯ ಇ ಮೌಂಟ್‌ನಲ್ಲೂ (ಮೌಂಟ್ ಎಂದರೆ ಬಾಡಿಗೆ ಲೆನ್ಸ್ ಕೂಡುವ ಬಾಯಿ) ಆಯ್ಕೆ ಧಾರಾಳ.

ಆದ್ದರಿಂದ ಬಾಡಿ ಕೊಳ್ಳುವ ಮೊದಲು ಆ ಮೌಂಟ್‌ಗೆ ಎರಡು ಲೆನ್ಸ್ ಇವೆಯೇ ನೋಡಿ: 10 ಅಥವಾ 11 ಮಿ.ಮೀ.ಯಿಂದ ಶುರುವಾಗುವ ಒಂದು ವೈಡ್, ಎಫ್/2.8ರ (ಬೆಳಕನ್ನು ಚೆನ್ನಾಗಿ ಒಳಬಿಡುವ) ಒಂದು ಸ್ಟ್ಯಾಂಡರ್ಡ್ ಝೂಮ್. ಉಳಿದದ್ದು ಹೇಗೋ ಹೊಂದುತ್ತದೆ.

ಎಫ್/2.8 ಝೂಮ್ ಎಂದೊಡನೆ ಸಿಗ್ಮಾ 18-50 ನೆನಪಾಗುತ್ತದೆ. 300 ಗ್ರಾಂ ಆಸುಪಾಸಿನ ಅಷ್ಟು ಪುಟ್ಟ ಲೆನ್ಸ್ ಅಷ್ಟು ಚೂಪಾಗಿರುವುದು ಮೆಚ್ಚುವಂಥದ್ದೇ. ಆದರೆ ಅದರೊಳಗೆ ಸ್ಟೆಬಿಲೈಸೇಶನ್ (ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಇಲ್ಲ. ಕ್ಯಾನನ್ ಆರ್10, ಆರ್50 ಬಾಡಿಗಳಲ್ಲೂ ಸೆನ್ಸರ್ ಸ್ಟೆಬಿಲೈಸೇಶನ್ ಇಲ್ಲ. ಎರಡನ್ನೂ ಜೋಡಿಸಿದರೆ 50 ಮಿ.ಮೀ.ಯಲ್ಲಿ ಶಟರ್ 1/80 ಸೆಕೆಂಡಿಗಿಂತ ನಿಧಾನವಾದಾಗ ಕೈ ಅಲುಗಿದ್ದು ಚಿತ್ರದಲ್ಲಿ ಕಾಣತೊಡಗುತ್ತದೆ; ನಡೆಯುತ್ತಾ ವಿಡಿಯೋ ತೆಗೆದರಂತೂ ಕುಲುಕಾಟ. ಅಂಥ ಬಾಡಿಗೆ ಸ್ಟೆಬಿಲೈಸೇಶನ್ ಇರುವ ಲೆನ್ಸೇ ಸರಿ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಸ್ವಲ್ಪ ಕಡಿಮೆಯಾದರೂ. ಸೋನಿ, ಫ್ಯೂಜಿಯವರಿಗೆ ಟ್ಯಾಮ್ರಾನ್ 17-70 ಲೆನ್ಸ್ ಎಫ್/2.8, ಸ್ಟೆಬಿಲೈಸೇಶನ್ ಎರಡನ್ನೂ ಕೊಡುತ್ತದೆ. ತೂಕ ಅರ್ಧ ಕಿಲೋ ದಾಟುತ್ತದೆ.

ಬೇಕಾದ ಲೆನ್ಸ್ ಇಲ್ಲದಿದ್ದರೆ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಲೆನ್ಸ್‌ಗೆ ಅಡಾಪ್ಟರ್ ಹಾಕುವುದು ಒಳ್ಳೆಯ ದಾರಿ. ಕ್ಯಾನನ್‌ನ ಹಳೆಯ ಇಎಫ್ ಮೌಂಟ್‌ನಿಂದ ಸೆನ್ಸರಿಗೆ 44 ಮಿ.ಮೀ., ಮಿರರ್‌ಲೆಸ್‌ನ ಆರ್‌ಎಫ್‌ನಲ್ಲಿ 20. ನಡುವಿನ 24 ಮಿ.ಮೀ.ಯನ್ನು ತುಂಬುವ ಟೊಳ್ಳು ಕೊಳವೆಯೇ ಅಡಾಪ್ಟರ್. ಒಳಗೆ ಗಾಜಿಲ್ಲದ ಕಾರಣ ಚಿತ್ರ ಮಂಕಾಗುವುದಿಲ್ಲ. ಡಿಎಸ್‌ಎಲ್‌ಆರ್ ಕಾಲದ ವೈಡ್ ಲೆನ್ಸ್ ಇಎಫ್-ಎಸ್ 10-18 ಇದರ ಮೇಲೆ ಆಟೋಫೋಕಸ್ ಸಹಿತ ಕೆಲಸ ಮಾಡುತ್ತದೆ. ನಿಕಾನ್‌ನಲ್ಲಿ ಎಚ್ಚರ ಬೇಕು: ಅದರ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಫೋಕಸ್ ಮೋಟಾರ್ ಇಲ್ಲ. ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿದ್ದರೆ ಆಟೋಫೋಕಸ್ ಸಿಗುತ್ತದೆ. ಎಎಫ್-ಡಿ ಲೆನ್ಸ್‌ಗೆ ಕೈಯಲ್ಲೇ ಫೋಕಸ್ ಮಾಡಬೇಕು.

ಅಗ್ಗದ ಅಡಾಪ್ಟರ್ ಕೊಂಡರೆ ಮೊದಲ ದಿನವೇ ಎರಡು ಪರೀಕ್ಷೆ ಮಾಡಿ. ಲೆನ್ಸ್ ಹಿಡಿದು ಮೆಲ್ಲಗೆ ತಿರುಗಿಸಿ, ಅಲ್ಲಾಡಿದರೆ ವಾಪಸ್ ಕೊಡಿ. ಆಮೇಲೆ ಅಪರ್ಚರ್ ಪೂರ್ತಿ ತೆರೆದು ದೂರದ ಗುಡ್ಡವನ್ನೋ ಗೋಪುರವನ್ನೋ ಫೋಕಸ್ ಮಾಡಿ ಚಿತ್ರವನ್ನು ಹಿಗ್ಗಿಸಿ ನೋಡಿ. ಒಂದು ಅಂಚು ಚೂಪಾಗಿ ಎದುರಿನದು ಮಬ್ಬಾಗಿದ್ದರೆ ಅಡಾಪ್ಟರ್ ವಾರೆಯಾಗಿರಬಹುದು. ದೂರದ್ದು ಎಲ್ಲೂ ಚೂಪಾಗದಿದ್ದರೆ ಅಡಾಪ್ಟರ್ ಅಳತೆಗಿಂತ ದಪ್ಪ ಇರುವ ಸಾಧ್ಯತೆ ಹೆಚ್ಚು.